ಬಜರ್ ಒತ್ತಿದ್ವಿ, ಊರು ಗೊತ್ತಿರಲಿಲ್ಲ

ಕಳೆದ ಸೆಮಿಸ್ಟರಿನ ಫೆಸ್ಟ್‌ನಲ್ಲಿ ಕ್ವಿಜ್ ಫೈನಲ್ ನೋಡೋಕೆ ಬಂದವರಿಗೆ ನಮ್ಮ ಟೀಮ್ ನೆನಪಿರಬಹುದು. ಸ್ಟೇಜಿನ ಎಡಗಡೆ ಕೊನೆಯ ಟೇಬಲ್, ನಾಲ್ಕು ಜನ. ಹಾಸ್ಟೆಲ್‌ನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯಲ್ಲ, ಊರಿನ ಹೆಸರಿನಿಂದಲೇ ಕರೀತಾರೆ: ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ನಾಲ್ಕು ತಾಲೂಕು, ಒಂದೇ ರೂಮು. ರಬಕವಿ-ಬನಹಟ್ಟಿ ಅಂತ ಪೂರ್ತಿ ಕರೆಯೋಕೆ ಯಾರಿಗೂ ಪುರುಸೊತ್ತಿಲ್ಲ, ಹಾಗಾಗಿ ಅವನು ಬರೀ ಬನಹಟ್ಟಿ. ನಾಲ್ಕೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಈ ಲೇಖನದಲ್ಲಿ ಕಾಗುಣಿತ ತಪ್ಪಿದ್ದರೆ ಕಾರಣ ಅದೇ, ಕ್ಷಮಿಸಿ.

ಅವತ್ತು ನಮ್ಮ ಆಟ ಚೆನ್ನಾಗಿಯೇ ಶುರುವಾಯಿತು. ಬುರ್ಕಿನಾ ಫಾಸೊ ದೇಶದ ರಾಜಧಾನಿ? ವಾಗಡೂಗು, ಹತ್ತು ಅಂಕ. ಟಂಗ್‌ಸ್ಟನ್ನಿಗೆ ಡಬ್ಲ್ಯೂ ಅನ್ನೋ ಚಿಹ್ನೆ ಎಲ್ಲಿಂದ ಬಂತು? ವುಲ್ಫ್ರಾಮ್ ಅನ್ನೋ ಹಳೆಯ ಹೆಸರಿನಿಂದ, ಹತ್ತು ಅಂಕ. ಆಮೇಲೆ ಕ್ವಿಜ್ ಮಾಸ್ಟರ್ ಕೇಳಿದರು: "ಸರ್ಕಾರಕ್ಕೆ ಕಾಯದೆ ರೈತರೇ ದುಡ್ಡು ಹಾಕಿ, ದುಡಿದು, ಕೃಷ್ಣಾ ನದಿಗೆ 1989ರಲ್ಲಿ ಒಂದು ಬ್ಯಾರೇಜ್ ಕಟ್ಟಿದರು. ಯಾವ ಊರಲ್ಲಿ?"

ಬಜರ್ ಒತ್ತಿದ್ದು ನಾವೇ. ಒತ್ತಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದ್ವಿ. "ಮಹಾರಾಷ್ಟ್ರದಾಗ ಇರಬೇಕಲೇ, ಸಾಂಗ್ಲಿ ಕಡೆ ರೈತರು ಭಾಳ ಗಟ್ಟಿ" ಅಂತ ಜಮಖಂಡಿ ಪಿಸುಗುಟ್ಟಿದ. ಸಾಂಗ್ಲಿ ಅಂದ್ವಿ. ತಪ್ಪು. ಪ್ರಶ್ನೆ ಪಕ್ಕದ ಟೇಬಲಿಗೆ ಹೋಯಿತು. ಅಲ್ಲಿದ್ದವರು ಕರಾವಳಿಯ ಹುಡುಗಿಯರು, ನಮ್ಮ ಕಡೆ ಒಮ್ಮೆಯೂ ಬಂದವರಲ್ಲ. ಅವರು ನಿಧಾನವಾಗಿ ಹೇಳಿದರು: "ಚಿಕ್ಕಪಡಸಲಗಿ. ಜಮಖಂಡಿ ತಾಲೂಕು."

ಹಾಲ್‌ನಲ್ಲಿ ಎದ್ದ ನಗು ನಮಗೆ ಇವತ್ತಿಗೂ ಕೇಳ್ತದೆ.

ರಾತ್ರಿ ಜಮಖಂಡಿ ಮನೆಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ, ನಾವೆಲ್ಲ ಕೇಳಿಸಿಕೊಂಡ್ವಿ. ಅವರ ಅಪ್ಪಾಜಿ ಮೊದಲು ಜೋರಾಗಿ ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. "ತಮ್ಮಾ, ನಮ್ಮ ಹೊಲಕ್ಕ ಬರೂ ನೀರು ಎಲ್ಲಿದು ಅಂತ ತಿಳಿದಿದ್ದಿ? ನಿನ್ನ ಕಾಲೇಜಿನ ಫೀ ಕಟ್ಟಿದ್ದು ಆ ನೀರಿನ ಕಬ್ಬು. ನಿಮ್ಮಜ್ಜ ಅಲ್ಲಿ ಕಲ್ಲು ಹೊತ್ತಾನ" ಅಂದರು. ಬೈಗುಳ ಅಂತ ಒಂದು ಮಾತೂ ಇರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಈ ಲೇಖನ ಬರೆಯೋಕೆ ಆ ಫೋನ್ ಕಾಲೇ ಕಾರಣ. ನಾವು ಹೇಳಬೇಕಾದ್ದು ಇಷ್ಟು: ನಮ್ಮ ಜನರಲ್ ನಾಲೆಜ್ ಎಲ್ಲಾ ಒಂದೇ ಪದದ ಉತ್ತರಗಳ ಗೋದಾಮು ಆಗಿಬಿಟ್ಟಿದೆ. ಪದ ಸಿಕ್ಕ ಕೂಡಲೇ ಬಾಗಿಲು ಹಾಕಿ ಹೊರಟುಬಿಡ್ತೀವಿ. ಒಳಗೆ ಏನಿದೆ, ಯಾರಿದ್ದಾರೆ, ಅದು ಹೆಂಗ ನಡೀತದೆ, ಯಾಕ ಹಂಗಾಯಿತು ಅಂತ ಇಣುಕಿಯೂ ನೋಡಲ್ಲ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಕ್ವಿಜ್ ಈ ವರ್ಷದಿಂದಾದರೂ ಬೇರೆ ಥರ ನಡೀಬೇಕು ಅನ್ನೋದು ನಮ್ಮ ವಾದ.

ಒಂದು ತಪ್ಪು ತಿಳಿವಳಿಕೆ ಮೊದಲೇ ತೆಗೆದುಹಾಕ್ತೀವಿ. "ವಾಗಡೂಗು ಯಾಕೆ ಬೇಕು, ನಮ್ಮೂರು ಗೊತ್ತಿದ್ದರೆ ಸಾಕು" ಅಂತ ನಾವು ಹೇಳ್ತಿಲ್ಲ. ಆ ರಾತ್ರಿ ಹೊಟ್ಟೆಯುರಿಯಿಂದ ಬುರ್ಕಿನಾ ಫಾಸೊ ಬಗ್ಗೆ ಹುಡುಕಿದ್ವಿ. ಆ ದೇಶದ ಹೆಸರು ಮೊದಲು ಅಪ್ಪರ್ ವೋಲ್ಟಾ. 1984ರಲ್ಲಿ ಥಾಮಸ್ ಸಂಕಾರಾ ಅನ್ನೋ ಅಧ್ಯಕ್ಷರು ಅಲ್ಲಿನವರ ಭಾಷೆಗಳಿಂದಲೇ ಪದ ಆರಿಸಿ ಹೊಸ ಹೆಸರಿಟ್ಟರು. ಅರ್ಥ, ಪ್ರಾಮಾಣಿಕ ಜನರ ನಾಡು. ನಮ್ಮ ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಅಂತ ಹೆಸರಿಟ್ಟ ಕಥೆ ಗೊತ್ತಿದ್ದವರಿಗೆ ಇದು ಎಷ್ಟು ಹತ್ತಿರದ ವಿಷಯ! ಹತ್ತು ಅಂಕ ತಗೊಂಡಾಗ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಂದರೆ ನಾವು ಸರಿ ಹೇಳಿದ ಉತ್ತರವೂ ಖಾಲಿಯೇ ಇತ್ತು. ವಾಗಡೂಗು ನಮಗೆ ಹೆಂಗೋ, ಉಳಿದವರಿಗೆ ಮುಧೋಳ ಹಂಗ. "ಮುಧೋಳಾ? ಓಹ್, ನಾಯಿ!" ಅಷ್ಟೇ. ನಮ್ಮ ಮುಧೋಳದವನು ಮೊದಲ ವರ್ಷದಿಂದ ಈ ಮಾತು ಎಷ್ಟು ಸಲ ಕೇಳಿದ್ದಾನೋ ಲೆಕ್ಕವಿಲ್ಲ.

ಹಾಗಾಗಿ ರೂಮಿನಲ್ಲೇ ಒಂದು ಕರಾರು ಮಾಡಿಕೊಂಡ್ವಿ. ರಜೆಗೆ ಊರಿಗೆ ಹೋದಾಗ ಪ್ರತಿಯೊಬ್ಬರೂ ಇತಿಹಾಸ, ವಿಜ್ಞಾನ, ಭೂಗೋಳ, ಕಲೆ, ಇವುಗಳ ಮೇಲೆ ಒಂದಷ್ಟು ಪ್ರಶ್ನೆ ತರಬೇಕು. ಉತ್ತರದ ಜೊತೆಗೆ "ಯಾಕ?" ಅಥವಾ "ಹೆಂಗ?" ಅನ್ನೋದಕ್ಕೂ ಜವಾಬು ತರಬೇಕು. ತರದಿದ್ದವರು ಮೆಸ್ಸಿನಲ್ಲಿ ಎಲ್ಲರ ತಟ್ಟೆ ಎತ್ತಬೇಕು. ತಟ್ಟೆ ಯಾರೂ ಎತ್ತಲಿಲ್ಲ.

ಮೊದಲು ಬನಹಟ್ಟಿ. ಅವನದು ಕಂಪ್ಯೂಟರ್ ಸೈನ್ಸ್, ಮನೆಯಲ್ಲಿ ಮಗ್ಗ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದರೆ ಎರಡೂ ಕಡೆಯಿಂದ ಪವರ್‌ಲೂಮಿನ ಸದ್ದು ಬರ್ತದೆ. ಅವನು ಹುಟ್ಟಿದಾಗಿನಿಂದ ಆ ಸದ್ದು ಕೇಳಿದವನು, ಸದ್ದು ನಿಂತರೆ ನಿದ್ದೆಯಿಂದ ಏಳುವವನು. ಅವನ ಪ್ರಶ್ನೆ: "ಸೀರೆ ನೇಯುವ ಮಗ್ಗಕ್ಕೂ ನಮ್ಮ ಲ್ಯಾಬಿನ ಕಂಪ್ಯೂಟರಿಗೂ ಏನು ಸಂಬಂಧ?" ಉತ್ತರ, ಜಕಾರ್ಡ್. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ನಡೆಯುವ ಮಗ್ಗದ ಯಂತ್ರ ಮಾಡಿದರು.

ಹೆಂಗ ಅನ್ನೋದನ್ನು ಅವನ ಕಾಕಾ ಮಗ್ಗ ನಿಲ್ಲಿಸಿ ತೋರಿಸಿದರಂತೆ. ಕಾರ್ಡಿನಲ್ಲಿ ತೂತು ಇದ್ದ ಕಡೆ ಸೂಜಿ ಒಳಗೆ ಹೋಗ್ತದೆ, ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತು ಇಲ್ಲದ ಕಡೆ ಸೂಜಿ ಹಿಂದಕ್ಕೆ ಸರಿಯುತ್ತದೆ, ಎಳೆ ಏಳೋದಿಲ್ಲ. ಎದ್ದ ಎಳೆ, ಏಳದ ಎಳೆಗಳ ನಡುವೆ ಲಾಳಿ ಹೊಕ್ಕಿನ ದಾರ ಹಾಕಿಕೊಂಡು ಓಡುತ್ತದೆ. ತೂತು ಅಂದರೆ ಒಂದು, ತೂತಿಲ್ಲ ಅಂದರೆ ಸೊನ್ನೆ. ಇದೇ ಕಾರ್ಡಿನ ವಿಚಾರವನ್ನು ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಮ್ಮ ಅನಾಲಿಟಿಕಲ್ ಎಂಜಿನ್ನಿಗೆ ತಗೊಂಡರು. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ಅವರ ತೂತಿನ ಕಾರ್ಡುಗಳು ಎಣಿಸಿದವು. ಅವರ ಕಂಪನಿ ಮುಂದೆ ಐಬಿಎಂ ಆಗಿ ಬೆಳೆದ ಸಂಸ್ಥೆಯಲ್ಲಿ ಸೇರಿತು.

"ಮೊದಲನೇ ಸೆಮಿಸ್ಟರ್‌ನಾಗ ಬೈನರಿ ತಲಿಗೆ ಹತ್ತಲಿಲ್ಲ ಅಂತ ಅತ್ತಿದ್ನಲ್ಲೋ, ಅದು ನಮ್ಮ ಅಟ್ಟದ ಮ್ಯಾಲೆ ನೇತಾಡಾಕ್ಹತ್ತಿತ್ತು" ಅಂತ ಬನಹಟ್ಟಿ ತಲೆ ಚಚ್ಚಿಕೊಂಡ. ನಗು ಬಂತು, ಆದರೆ ವಿಷಯ ನಗುವಂಥದ್ದಲ್ಲ. ಅವನ ಕಾಕಾ ಅವನಿಗೆ ಕೇಳಿದ ಮಾತು: "ಇಷ್ಟು ದಿನ ನೀ ಒಮ್ಮೆನೂ ಕೇಳಲಿಲ್ಲಲ್ಲೋ ಮಗನ, ಹೆಂಗ ನಡೀತೈತಿ ಅಂತ?"

ಇತಿಹಾಸಕ್ಕೆ ಅವನು ತಂದ ಪ್ರಶ್ನೆ ನಮ್ಮೆಲ್ಲರದೂ ಆಯಿತು. ರಬಕವಿ, ಬನಹಟ್ಟಿ ಈಗ ಒಂದೇ ಹೆಸರಿನ ಜೋಡಿ ಊರು. ಸ್ವಾತಂತ್ರ್ಯ ಬರೋ ತನಕ ರಬಕವಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ನೇರವಾಗಿ ಬ್ರಿಟಿಷರ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಅಂದರೆ ಒಂದೇ ರೂಮಿನಲ್ಲಿ ಮ್ಯಾಗಿ ಹಂಚಿಕೊಂಡು ತಿನ್ನೋ ನಾವು ನಾಲ್ಕು ಜನರ ಮುತ್ತಜ್ಜಂದಿರು ಬೇರೆ ಬೇರೆ ಸರ್ಕಾರಗಳಿಗೆ ಕಂದಾಯ ಕಟ್ಟಿದವರು! 1948ರಲ್ಲಿ ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ವಿಲೀನವಾದವು, 1956ರ ನವೆಂಬರ್ 1ಕ್ಕೆ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ನವೆಂಬರ್ 1ಕ್ಕೆ ಕೆಂಪು-ಹಳದಿ ಶಾಲು ಹಾಕಿಕೊಂಡು ಸೆಲ್ಫಿ ತಗೊಳ್ಳುವಾಗ ಆ ದಿನ ನಮ್ಮ ಮನೆಗಳಿಗೆ ಏನು ತಂದಿತ್ತು ಅಂತ ನಾವು ಯಾವತ್ತೂ ಲೆಕ್ಕ ಹಾಕಿರಲಿಲ್ಲ.

ಮುಧೋಳದವನು ಸಿಟ್ಟಿನಿಂದಲೇ ಶುರು ಮಾಡಿದ. "ನಾಯಿ ಅಂತೀರಲ್ಲ, ನಾಯಿ ಬಗ್ಗೆನರೇ ಗೊತ್ತೇನು ನಿಮಗ?" ಗೊತ್ತಿರಲಿಲ್ಲ. ಮುಧೋಳ ನಾಯಿ ವಾಸನೆ ಹಿಡಿದು ಹೋಗುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಉದ್ದನೆಯ ಸಣ್ಣ ಮುಖ, ಆಳವಾದ ಎದೆ, ತೆಳು ಸೊಂಟ, ಉದ್ದ ಕಾಲು. ಮರ ಕಡಿಮೆ ಇರುವ ಬಯಲಿನಲ್ಲಿ ದೂರದ ಬೇಟೆ ನೋಡಿ ಓಡೋಕೆ ಇಂಥ ಮೈಕಟ್ಟೇ ಬೇಕು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿ ಉಳಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಆಮೇಲೆ ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಇದೆ.

ಅವನ ಸಿಟ್ಟು ಅಲ್ಲಿಗೆ ಇಳಿಯಲಿಲ್ಲ. "ನಾಯಿಗಿಂತ ಸಾವಿರ ವರ್ಷ ಮೊದಲು ನಮ್ಮಲ್ಲಿ ರನ್ನ ಇದ್ದ" ಅಂದ. ರನ್ನ ಹುಟ್ಟಿದ್ದು 949ರಲ್ಲಿ, ಮುಧೋಳ ಸೀಮೆಯಲ್ಲಿ, ಬಳೆಗಾರರ ಮನೆಯಲ್ಲಿ. ಆ ಊರು ಈಗಿನ ರನ್ನಬೆಳಗಲಿ. "ಗದಾಯುದ್ಧ ಬರೆದವರು ಯಾರು?" ಅನ್ನೋದು ಒಂದು ಮಾರ್ಕಿನ ಪ್ರಶ್ನೆ, ನಮಗೂ ಬರ್ತದೆ. "ಬಳೆ ಮಾರೋರ ಮನೆ ಹುಡುಗ ಚಾಲುಕ್ಯ ಚಕ್ರವರ್ತಿ ತೈಲಪನಿಂದ ಕವಿ ಚಕ್ರವರ್ತಿ ಅನ್ನೋ ಬಿರುದು ತಗೊಳ್ಳೋ ತನಕ ಹೆಂಗ ಮುಟ್ಟಿದ?" ಅನ್ನೋದು ನಾವು ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದರೆ ಓದಲು ಹಂಬಲಿಸಿ ಊರು ಬಿಟ್ಟ ಹುಡುಗ ಸಿಗ್ತಾನೆ, ಆಶ್ರಯ ಕೊಟ್ಟ ಚಾವುಂಡರಾಯ ಸಿಗ್ತಾನೆ, 993ರಲ್ಲಿ ಅಜಿತಪುರಾಣ ಬರೆಸಿದ ಅತ್ತಿಮಬ್ಬೆ ಸಿಗ್ತಾಳೆ. ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಕೈಯಿಂದ ಬರೆಸಿ ಹಂಚಿದವಳು. ಜೆರಾಕ್ಸ್ ಅಂಗಡಿ ಇಲ್ಲದ ಕಾಲದಲ್ಲಿ ತಾಳೆಗರಿಯ ಮೇಲೆ ಸಾವಿರ ಪ್ರತಿ! ಎಕ್ಸಾಮಿನ ಹಿಂದಿನ ದಿನ ನೋಟ್ಸ್ ಸಿಗದೆ ಒದ್ದಾಡೋ ನಮಗಿಂತ ಚೆನ್ನಾಗಿ ಅವಳ ಕೆಲಸದ ಬೆಲೆ ಯಾರಿಗೆ ಗೊತ್ತಾಗಬೇಕು?

ಮುಧೋಳ ತಾಲೂಕಿನದೇ ಹಲಗಲಿ. 1857 ಅಂದ ಕೂಡಲೇ ನಾವು ಮೀರತ್, ಮಂಗಲ್ ಪಾಂಡೆ ಅಂತ ಬಜರ್ ಒತ್ತುತ್ತೀವಿ. ಅದೇ ವರ್ಷ, ಜನರ ಹತ್ತಿರ ಇದ್ದ ಆಯುಧ ಒಪ್ಪಿಸಬೇಕು ಅಂತ ಬ್ರಿಟಿಷರ ಹುಕುಂ ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರ ಕೈಯಿಂದ ಆಯುಧ ಕಸಿಯೋದು ಅಂದರೆ ಅನ್ನ ಕಸಿದಂಗೆ. ಜಡಗ, ಬಾಲ, ಹನುಮ, ರಾಮ ಮುಂದಾಳುಗಳಾದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಈ ಕಥೆ ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು. ಅದನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ಬ್ರಿಟಿಷ್ ಅಧಿಕಾರಿಯೇ. ಕನ್ನಡ ಮಾಧ್ಯಮದ ಗೆಳೆಯರು ಆ ಲಾವಣಿಯನ್ನು ಸ್ಕೂಲಿನಲ್ಲೇ ಓದಿದ್ದರಂತೆ. ನಾವು ಓದಿದ್ದು ಡ್ಯಾಫೊಡಿಲ್ ಹೂವಿನ ಮೇಲಿನ ಪದ್ಯ. ಆ ಹೂವನ್ನು ನಾವು ನಾಲ್ವರೂ ಇನ್ನೂ ನೋಡಿಲ್ಲ.

ಮುಧೋಳದ ವಿಜ್ಞಾನದ ಪ್ರಶ್ನೆ ಕಲ್ಲಿನ ಬಗ್ಗೆ. ಲೋಕಾಪುರ ಅಂದರೆ ನಮಗೆ ಬಸ್ ಬದಲಿಸೋ ಊರು. ಭೂವಿಜ್ಞಾನಿಗಳಿಗೆ ಲೋಕಾಪುರ ಅಂದರೆ ಕಲ್ಲಿನ ಪದರುಗಳ ಒಂದು ಗುಂಪಿನ ಹೆಸರು. ಕಲಾದಗಿ ಅಂದರೆ ನಮಗೆ ದಾಳಿಂಬೆ, ಅವರಿಗೆ ನೂರು ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ತಳದಲ್ಲಿ ಕೂತ ಕೆಸರು, ಮರಳು, ಸುಣ್ಣದ ಕಲ್ಲು. ಮುಧೋಳ ಸುತ್ತ ಸುಣ್ಣದ ಕಲ್ಲು ಯಾಕಿದೆ ಅಂದರೆ ಒಂದು ಕಾಲಕ್ಕೆ ಇಲ್ಲಿ ಸಮುದ್ರ ಇತ್ತು. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲಿಗೆ ಬೆವರು ಒರೆಸಿಕೊಳ್ಳುತ್ತಾ ಬಸ್ಸಿಗೆ ಕಾಯುವಾಗ ನಾವು ನಿಂತಿರೋದು ಹಳೇ ಸಮುದ್ರದ ಮೇಲೆ!

ಜಮಖಂಡಿ ತನ್ನ ಮಾನ ಉಳಿಸಿಕೊಳ್ಳಬೇಕಿತ್ತು. ಅಪ್ಪಾಜಿ ಜೊತೆ ಬೈಕಿನಲ್ಲಿ ಚಿಕ್ಕಪಡಸಲಗಿಗೆ ಹೋಗಿ ಬಂದ. ಅವನದು ಮೆಕ್ಯಾನಿಕಲ್, ಹಾಗಾಗಿ ಗೇಟುಗಳ ಫೋಟೋ ಮೂವತ್ತು ತಂದಿದ್ದ. ಬ್ಯಾರೇಜ್ ಹೆಂಗ ನಡೀತದೆ ಅಂದರೆ, ಮಳೆಗಾಲದಲ್ಲಿ ಗೇಟು ತೆಗೆದಿರ್ತಾರೆ, ಪ್ರವಾಹವೂ ಅದರ ಜೊತೆಗೆ ಬರೋ ಕೆಸರೂ ದಾಟಿಹೋಗ್ತವೆ. ಮಳೆ ಇಳಿದ ಮೇಲೆ ಗೇಟು ಹಾಕಿ, ಸುಮ್ಮನೆ ಹರಿದುಹೋಗೋ ನೀರನ್ನು ನದಿಯ ಪಾತ್ರದಲ್ಲೇ ನಿಲ್ಲಿಸ್ತಾರೆ. ಅಲ್ಲಿಂದ ಪಂಪ್‌ಸೆಟ್ ಹಚ್ಚಿ ಹೊಲಕ್ಕೆ ಎತ್ತುತ್ತಾರೆ. ಕೃಷ್ಣೆ ಪಕ್ಕದಲ್ಲೇ ಹರಿದರೂ ಬೇಸಿಗೆಯಲ್ಲಿ ಹೊಲ ಒಣಗುತ್ತಿದ್ದ ಕಾಲ ಅದು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಹಣ ಕೂಡಿಸಿದರು, ಹಣ ಇಲ್ಲದವರು ಮೈಯಿಂದ ದುಡಿದರು. ಅದಕ್ಕೇ ಅದರ ಹೆಸರು ಶ್ರಮಬಿಂದು ಸಾಗರ. ಜನ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರನ್ನೇ ಸೋಲಿಸಿದರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ನಾವು ಏನು ಕಟ್ಟುತ್ತೀವೋ ಗೊತ್ತಿಲ್ಲ. ಜಮಖಂಡಿಯ ಅಜ್ಜ ಕನ್ನಡ ನಾಲ್ಕನೇ ಇಯತ್ತೆ ಓದಿದವರು, ಅವರ ಕೈ ತಾಗಿದ ಕಲ್ಲು ನದಿಯಲ್ಲಿ ನಿಂತಿದೆ.

ಕೊನೆಗೆ ಬೀಳಗಿ. ಅವನು ಮೊದಲೇ ಮಾತು ಕಡಿಮೆ. ಕಲೆಯ ಪ್ರಶ್ನೆ ತಂದಿದ್ದ: "1943ರ ಕಿಸ್ಮತ್ ಸಿನಿಮಾದ ಗಾಯಕಿ, ಹೆಸರಲ್ಲೇ ಕರ್ನಾಟಕ ಇಟ್ಟುಕೊಂಡವಳು, ಯಾವ ಊರವಳು?" ಅಮೀರ್‌ಬಾಯಿ ಕರ್ನಾಟಕಿ, ಬೀಳಗಿಯವಳು. ಕಿಸ್ಮತ್ ಕಲ್ಕತ್ತಾದ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಬೀಳಗಿಯಿಂದ ಮುಂಬೈಗೆ ಹೋಗಿ ದೇಶವೇ ಕೇಳೋ ದನಿಯಾದವಳು ತನ್ನ ನಾಡಿನ ಹೆಸರನ್ನು ತನ್ನ ಹೆಸರಿನ ಹಿಂದೆ ಇಟ್ಟುಕೊಂಡಳು. ಆಗಿನ್ನೂ ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರೇ ಇರಲಿಲ್ಲ. ರಹಮತ್ ತರೀಕೆರೆ ಅವರು ಅವಳ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಇನ್ನೊಂದು ಎಚ್ಚರಿಕೆಯನ್ನೂ ಬೀಳಗಿ ಕೊಟ್ಟ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲೂ ಒಂದು ಬಿಳಗಿ ಇದೆ, ಅಲ್ಲಿ ಹಳೆಯ ಬಸದಿ ಇದೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಎರಡೂ ಊರಿನ ಚರಿತ್ರೆ ಕಲಸುಮೇಲೋಗರ ಆಗಿರ್ತದೆ.

ಆಮೇಲೆ ಭೂಗೋಳ. ಅವನು ಒಂದು ಹಳೇ ಜಿಕೆ ಪುಸ್ತಕ ತೆಗೆದು ಓದಿದ: "ಆಲಮಟ್ಟಿ ಅಣೆಕಟ್ಟು ಯಾವ ನದಿಗೆ ಅಡ್ಡಲಾಗಿದೆ? ಉತ್ತರ: ಕೃಷ್ಣಾ." ಪುಸ್ತಕ ಮುಚ್ಚಿದ. "ನಮ್ಮ ಆಯಿ ತವರುಮನಿ ಈ ಒಂದು ಮಾರ್ಕಿನ ಕೆಳಗ ಐತಿ" ಅಂದ.

ರೂಮು ಸುಮ್ಮನಾಯಿತು. ಎರಡು ವರ್ಷ ಒಟ್ಟಿಗೆ ಇದ್ದೀವಿ, ನಮಗೆ ಈ ವಿಷಯ ಗೊತ್ತಿರಲಿಲ್ಲ.

ಅಣೆಕಟ್ಟು ತುಂಬಿದಾಗ ಹಳೇ ಬಾಗಲಕೋಟೆಯ ದೊಡ್ಡ ಭಾಗ, ಬೀಳಗಿ ತಾಲೂಕಿನ ನದಿದಂಡೆಯ ಊರುಗಳು ನೀರಿಗೆ ಹೋದವು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಈಗ ಬೀಳಗಿ ತಾಲೂಕಿನ ಕೊರ್ತಿಯಿಂದ ಆಚೆ ಕೊಲ್ಹಾರಕ್ಕೆ ಹೋಗೋ ಸೇತುವೆಯೇ ಸುಮಾರು 3 ಕಿಲೋಮೀಟರ್ ಉದ್ದ, ಕೆಳಗೆ ಬರೀ ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ಅವನ ಆಯಿಯ ಊರಿನ ಗುಡಿಯ ಕಟ್ಟೆ ಮೇಲೆ ಬರ್ತದಂತೆ. ಆಯಿ ಹೋಗಿ ಕಾಯಿ ಒಡೆದು ಬರ್ತಾರಂತೆ. ಬೀಳಗಿ ಸಿವಿಲ್ ಓದ್ತಾನೆ, ಹಾಗಾಗಿ ಅಂಕಿಗಳು ಅವನ ಬಾಯಲ್ಲಿವೆ: ಈಗ ನೀರು ನಿಲ್ಲಿಸೋ ಮಟ್ಟ 519.6 ಮೀಟರ್, 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್. ನಡುವಿನ ಅಂತರ ನಾಲ್ಕೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಂದಾಜು 15 ಅಡಿ. ಆ 15 ಅಡಿಯಿಂದ ಎಷ್ಟೋ ಕಡೆ ಹೊಲಕ್ಕೆ ನೀರು ಬರ್ತದೆ. ಅದೇ 15 ಅಡಿಗೆ ಇನ್ನಷ್ಟು ಹೊಲ, ಮನೆ ಹೋಗ್ತವೆ. "ಹಂಗಾರ ಎತ್ತರ ಮಾಡಬೇಕೋ ಬ್ಯಾಡೋ?" ಅಂತ ಬನಹಟ್ಟಿ ಕೇಳಿದ. ಬೀಳಗಿ ಬಹಳ ಹೊತ್ತು ಯೋಚಿಸಿ "ನೀರೂ ಬೇಕಲೇ. ಆದರ ಕೇಳೂ ಮುಂದ, ಯಾರ ಮನಿ ಹೊಕ್ಕೈತಿ ಅನ್ನೂದು ಗೊತ್ತಿರಬೇಕು" ಅಂದ. ಬೇಸಿಗೆಯಲ್ಲಿ ಜಮಖಂಡಿಯ ಹೊಲಕ್ಕೆ ನೀರು ಕೊಟ್ಟ ನದಿ, ಬೀಳಗಿಯ ಆಯಿಯ ಮನೆ ತಗೊಂಡ ನದಿ, ಎರಡೂ ಒಂದೇ. ಇದಕ್ಕೆ ಒಂದು ಪದದ ಉತ್ತರ ನಮ್ಮ ಹತ್ತಿರ ಇಲ್ಲ, ನಾಳೆ ಎಂಜಿನಿಯರ್ ಆದ ಮೇಲೂ ಇರಲಿಕ್ಕಿಲ್ಲ. ಪ್ರಶ್ನೆ ಮಾತ್ರ ನಮ್ಮ ಟೇಬಲಿಗೇ ಬರ್ತದೆ.

ಈಗ ಗೆಳೆಯರ ಆಕ್ಷೇಪಣೆಗಳಿಗೆ ಬರೋಣ.

ಮೊದಲನೆಯದು: "ಎಲ್ಲಾ ಫೋನಿನಾಗ ಸಿಗ್ತದ, ತಲಿಯಾಗ ಯಾಕ ಇಟ್ಟುಕೋಬೇಕು?" ಸಿಗ್ತದೆ, ಕೇಳೋಕೆ ಗೊತ್ತಿದ್ದರೆ. ಜಮಖಂಡಿಯ ಫೋನಿನಲ್ಲೂ ಚಿಕ್ಕಪಡಸಲಗಿ ಇತ್ತು, 19 ವರ್ಷ ಅವನು ಹುಡುಕಲಿಲ್ಲ. ತಲೆಯಲ್ಲಿ ಒಂದಿಷ್ಟು ಸಂಗತಿ ಇದ್ದರೇ ಮುಂದಿನ ಪ್ರಶ್ನೆ ಹುಟ್ಟೋದು. ಜಕಾರ್ಡ್ ಅನ್ನೋ ಹೆಸರು ಬನಹಟ್ಟಿಯ ತಲೆಯಲ್ಲಿ ಇಲ್ಲದಿದ್ದರೆ ಅಟ್ಟದ ಮೇಲಿನ ಪೆಟ್ಟಿಗೆ ಬರೀ ಪೆಟ್ಟಿಗೆಯೇ.

ಎರಡನೆಯದು: "ಪ್ಲೇಸ್‌ಮೆಂಟ್‌ಗೆ ಇದು ಬರಲ್ಲ." ನಿಜ, ಆಪ್ಟಿಟ್ಯೂಡ್ ರೌಂಡಿನಲ್ಲಿ ರನ್ನನನ್ನು ಯಾರೂ ಕೇಳಲ್ಲ. ಆದರೆ ಇಂಟರ್ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂತ ಕೇಳಿಯೇ ಕೇಳ್ತಾರೆ. ಅಲ್ಲಿ "ಐ ಆಮ್ ಫ್ರಮ್ ಬಾಗಲಕೋಟ್ ಡಿಸ್ಟ್ರಿಕ್ಟ್" ಅಂದ ಮೇಲೆ ಮುಂದೆ ಹೇಳೋಕೆ ಏನಾದರೂ ಇರಬೇಕಲ್ಲ.

ಮೂರನೆಯದು ಸ್ವಲ್ಪ ಗಟ್ಟಿ ಆಕ್ಷೇಪಣೆ: "ಇದು ಕೊನಿಗೆ ನಮ್ಮೂರೇ ದೊಡ್ಡದು ಅನ್ನೋ ಜಂಬಕ್ಕೆ ಹೋಗಿ ಮುಟ್ತದ." ಈ ಅಪಾಯ ಇದೆ ಅಂತ ಒಪ್ಪಿಕೊಳ್ತೀವಿ, ಯಾಕಂದರೆ ನಾವೇ ಬಿದ್ದಿದ್ವಿ. ನಮ್ಮ ಮೊದಲ ಪಟ್ಟಿಯಲ್ಲಿ "ಭಾರತದ ರಾಷ್ಟ್ರಪತಿಯಾದ ಜಮಖಂಡಿ ತಾಲೂಕಿನವರು ಯಾರು?" ಅಂತ ಇತ್ತು. ವಾಟ್ಸಾಪ್‌ನಲ್ಲಿ ಹಾಗೇ ಬಂದಿತ್ತು. ಪರಿಶೀಲಿಸಿದಾಗ ಗೊತ್ತಾಗಿದ್ದು, ಸಾವಳಗಿಯ ಬಿ. ಡಿ. ಜತ್ತಿ ಅವರು ಉಪರಾಷ್ಟ್ರಪತಿಗಳು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡ ಮೇಲೆ 1977ರ ಫೆಬ್ರವರಿ 11ರಿಂದ ಜುಲೈ 25ರ ತನಕ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಹಂಗಾಮಿ ಅನ್ನೋ ಪದ ಸೇರಿಸಿದರೆ ಊರಿನ ಮರ್ಯಾದೆ ಕಡಿಮೆಯಾಗ್ತದೆ ಅಂತ ಜಮಖಂಡಿ ವಾದ ಮಾಡಿದ. ಆದರೆ ಸರಿಯಾದ ಕಥೆಯೇ ಹೆಚ್ಚು ರುಚಿ ಇತ್ತು. ಆ ಐದೂವರೆ ತಿಂಗಳಲ್ಲೇ ದೇಶದಲ್ಲಿ ಮೊದಲ ಸಲ ಕೇಂದ್ರ ಸರ್ಕಾರ ಕಾಂಗ್ರೆಸ್ ಕೈಯಿಂದ ಹೋಯಿತು, ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದ್ದು ಇದೇ ಜತ್ತಿಯವರು. ಅದೇ ರೀತಿ "ಪ್ರಧಾನಿ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು" ಅಂತ ಬರೆದಿದ್ವಿ. ಅಡಿಗಲ್ಲು ಬಿದ್ದದ್ದು 1964ರ ಮೇ 22. ಶಾಸ್ತ್ರಿಯವರು ಪ್ರಧಾನಿಯಾದದ್ದು ಜೂನ್ 9. ಆ ದಿನ ಅವರು ಮಂತ್ರಿ ಮಾತ್ರ, ನೆಹರೂ ಇನ್ನೂ ಬದುಕಿದ್ದರು. ಹದಿನೆಂಟು ದಿನದ ತಪ್ಪು, ಆದರೂ ತಪ್ಪೇ. ಜಂಬ ಬೇಗ ಒಪ್ಪಿಕೊಳ್ತದೆ, ತಿಳಿವಳಿಕೆ ಎರಡನೇ ಸಲ ನೋಡ್ತದೆ.

ಹಾಗಾದರೆ ಸಂಘದ ಕ್ವಿಜ್ ಹೇಗಿರಬೇಕು? ನಮ್ಮ ಸಲಹೆಗಳು ಇವು. ಕ್ವಿಜ್ ಕನ್ನಡದಲ್ಲೇ ನಡೀಲಿ. ಇಂಗ್ಲಿಷ್ ಮೀಡಿಯಂನವರಿಗೆ ಕಷ್ಟ ಅನ್ನಬೇಡಿ, ನಾವೇ ಅದಕ್ಕೆ ಒಪ್ಪಿ ಬರೀತಿದ್ದೀವಿ. ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ 'ಥಟ್ ಅಂತ ಹೇಳಿ' ನಡೆಸಿ, ವಿಜ್ಞಾನದಿಂದ ಹಿಡಿದು ಸಾಹಿತ್ಯದ ತನಕ ಎಲ್ಲವನ್ನೂ ಕನ್ನಡದಲ್ಲೇ ಕೇಳಬಹುದು ಅಂತ ಸಾವಿರಾರು ಕಂತುಗಳಲ್ಲಿ ತೋರಿಸಿದ್ದಾರೆ. ಅಲ್ಲಿ ಬಹುಮಾನ ಪುಸ್ತಕ, ನಮ್ಮಲ್ಲೂ ಟ್ರೋಫಿ ಬದಲು ಪುಸ್ತಕ ಕೊಡೋಣ. ಪ್ರತಿ ಪ್ರಶ್ನೆಗೆ ಎರಡು ಭಾಗ ಇರಲಿ: ಉತ್ತರಕ್ಕೆ ಐದು ಅಂಕ, "ಯಾಕ" ಅಥವಾ "ಹೆಂಗ" ಹೇಳಿದರೆ ಹತ್ತು. ಅರ್ಧ ಪ್ರಶ್ನೆ ಜಗತ್ತಿನದು, ಅರ್ಧ ಪ್ರಶ್ನೆ ವಿದ್ಯಾರ್ಥಿಗಳು ತಮ್ಮ ತಾಲೂಕಿನಿಂದ ತಂದದ್ದು. ತಂದವರು ಎರಡು ಕಡೆ ಪರಿಶೀಲಿಸಿ ತರಬೇಕು. ಮತ್ತೆ ಒಂದು ರೌಂಡ್ ಫೋನ್ ರೌಂಡ್ ಇರಲಿ: ಸ್ಟೇಜಿನಿಂದಲೇ ಮನೆಗೆ ಫೋನ್ ಮಾಡಿ ಕೇಳಬಹುದು. ಚೀಟಿಂಗ್ ಅಂತ ಕೆಲವರು ಅನ್ನಬಹುದು. ಅವ್ವ, ಅಪ್ಪ, ಕಾಕಾ, ಆಯಿಗೆ ಗೊತ್ತಿರೋದನ್ನು ಕೇಳಿ ತಿಳಿಯೋದು ಚೀಟಿಂಗ್ ಆದರೆ ಅಂಥ ಚೀಟಿಂಗ್ ನಮಗೆ ಬಹಳ ಕಡಿಮೆ ಬಿದ್ದಿದೆ.

ಈ ಕ್ಯಾಂಪಸ್ಸಿನಲ್ಲಿ ಬೀದರಿನವರಿದ್ದೀರಿ, ಕಾಸರಗೋಡಿನವರಿದ್ದೀರಿ, ಚಾಮರಾಜನಗರದವರಿದ್ದೀರಿ. ನಿಮ್ಮೂರಿನ ಹೆಸರು ಹೇಳಿದ ಕೂಡಲೇ ಜನ ಹೇಳೋ ಆ ಒಂದು ಪದ ಯಾವುದು ಅಂತ ನಿಮಗೆ ಗೊತ್ತು. ಆ ಪದದ ಹಿಂದೆ ಇರೋದನ್ನು ಈ ದೀಪಾವಳಿ ರಜೆಯಲ್ಲಿ ಕೇಳಿಕೊಂಡು ಬನ್ನಿ. ಬರೆದು ಸಂಘದ ರೂಮಿನ ಡಬ್ಬಿಗೆ ಹಾಕಿ.

ನಮ್ಮ ಕಡೆಯಿಂದ ಮೊದಲ ಚೀಟಿ ಆಗಲೇ ಬಿದ್ದಿದೆ. ಬರೆದವನು ಬೀಳಗಿ. ಪ್ರಶ್ನೆ ಇದು: "ನಮ್ಮ ಆಯಿ ಪ್ರತಿ ಬೇಸಿಗೆ ಕಾಯಿ ಒಡೆಯೋ ಗುಡಿಗೆ ಈ ವರ್ಷ ದಾರಿ ತೆರೀತದೋ ಇಲ್ಲೋ, ಯಾಕ?" ಅಂಕ ಎಷ್ಟು ಕೊಡಬೇಕು ಅಂತ ನಾವಿನ್ನೂ ತೀರ್ಮಾನಿಸಿಲ್ಲ.